ಬೆಂಬಲ ಬೆಲೆಯನ್ನು ಒಪ್ಪದ ರೈತ ಮಂತ್ರಿ

ಬೆಂಬಲ ಬೆಲೆಯ ಚರ್ಚೆ ಎದ್ದಾಗಲೆಲ್ಲ ನನಗೆ ಎಜ್ರಾ ಟಾಫ್ಟ್ ಬೆನ್ಸನ್ ನೆನಪಾಗುತ್ತಾರೆ. ಅಮೆರಿಕದ ಕೃಷಿ ಮಂತ್ರಿಯಾಗಿದ್ದ ಅವರ ಹೆಸರು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ. ಆದರೆ ಒಂದು ಕಾಲದಲ್ಲಿ ನಮ್ಮ ಪಡಿತರ ಅಂಗಡಿಗಳಿಗೆ ಬರುತ್ತಿದ್ದ ಪಿ.ಎಲ್. 480 ಗೋಧಿಗೂ ಅವರ ಅಧಿಕಾರಾವಧಿಗೂ ನಿಕಟ ಸಂಬಂಧವಿದೆ.

ಬೆನ್ಸನ್ ಹುಟ್ಟಿದ್ದು 1899ರಲ್ಲಿ, ಐಡಾಹೊ ರಾಜ್ಯದ ವಿಟ್ನಿ ಎಂಬ ಹಳ್ಳಿಯ ಮಾರ್ಮನ್ ರೈತ ಕುಟುಂಬದಲ್ಲಿ. ಹನ್ನೊಂದು ಮಕ್ಕಳಲ್ಲಿ ಅವರೇ ಹಿರಿಯರು. ನೆಲೆ ಕಳೆದುಕೊಂಡು ಪಶ್ಚಿಮದ ಒಣನೆಲಕ್ಕೆ ವಲಸೆ ಬಂದ ಮಾರ್ಮನರು ಒಟ್ಟಾಗಿ ಕಾಲುವೆ ತೋಡಿ ಬೇಸಾಯ ಕಟ್ಟಿದವರು. 1847ರಲ್ಲಿ ಸಾಲ್ಟ್ ಲೇಕ್ ಕಣಿವೆ ತಲುಪಿದ ಮೊದಲ ತಂಡದಲ್ಲಿ ಬೆನ್ಸನ್ನರ ಮುತ್ತಜ್ಜನಿದ್ದರು. 1912ರಲ್ಲಿ ಚರ್ಚಿನ ಕರೆಯಂತೆ ತಂದೆ ಧರ್ಮಪ್ರಚಾರಕ್ಕೆ ಹೊರಟಾಗ ತಾಯಿ ಎಂಟನೆಯ ಮಗುವಿನ ಗರ್ಭಿಣಿ. ಹೊಲಮನೆ, ದನಕರುಗಳ ಹೊಣೆ ತಾಯಿಯೊಂದಿಗೆ ಹನ್ನೆರಡರ ಹುಡುಗನ ಹೆಗಲಿಗೂ ಬಿತ್ತು. ಸ್ವಂತ ದುಡಿಮೆಯೂ ನೆರೆಹೊರೆಯ ನೆರವೂ ಇದ್ದರೆ ಸರ್ಕಾರದ ಹಂಗು ಬೇಡವೆಂಬ ಅವರ ನಂಬಿಕೆಯ ಬೇರು ಇಂಥ ಬಾಲ್ಯದಲ್ಲಿದೆ ಎಂದು ನನಗನಿಸುತ್ತದೆ.

ಅಯೋವಾದಲ್ಲಿ ಕೃಷಿ ಅರ್ಥಶಾಸ್ತ್ರ ಓದಿ ಊರಿಗೆ ಮರಳಿದ ಬೆನ್ಸನ್, ತಮ್ಮನೊಡನೆ ಜಮೀನು ನೋಡಿಕೊಂಡರು. ಬಳಿಕ ಕೃಷಿ ವಿಸ್ತರಣಾಧಿಕಾರಿಯಾಗಿ, ಮಹಾ ಆರ್ಥಿಕ ಕುಸಿತದ ವರ್ಷಗಳಲ್ಲಿ ರೈತರ ಮಾರಾಟ ಸಹಕಾರ ಸಂಘಗಳಿಗಾಗಿ ದುಡಿದರು. 1943ರಲ್ಲಿ ಚರ್ಚಿನ ಹನ್ನೆರಡು ಅಪೊಸ್ತಲರಲ್ಲಿ ಒಬ್ಬರಾದರು. 1946ರಲ್ಲಿ ಯುದ್ಧದಿಂದ ಜರ್ಜರಿತವಾಗಿದ್ದ ಯೂರೋಪಿನಲ್ಲಿ ಚರ್ಚಿನ ಆಹಾರ, ಬಟ್ಟೆಗಳ ಹಂಚಿಕೆಯ ಉಸ್ತುವಾರಿ ವಹಿಸಿದರು.

1953ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಅವರನ್ನು ಕೃಷಿ ಮಂತ್ರಿಯಾಗಿಸಿದರು. ಆಗ ಪ್ರಮುಖ ಬೆಳೆಗಳಿಗೆ, 1910–14ರ ಕೊಳ್ಳುವ ಶಕ್ತಿಯನ್ನು ರೈತನಿಗೆ ಉಳಿಸಿಕೊಡುವ ಬೆಲೆಯ ಶೇ 90ರಷ್ಟನ್ನು ಸರ್ಕಾರ ಖಾತರಿಪಡಿಸುತ್ತಿತ್ತು. ಕೊಳ್ಳುವವರಿಲ್ಲದ ಧಾನ್ಯ ಸರ್ಕಾರಿ ಕಣಜ ಸೇರುತ್ತಿತ್ತು. ಈ ಖಾತರಿಯನ್ನು ಸಡಿಲಿಸಲು ಬೆನ್ಸನ್ ಹಟ ಹಿಡಿದರು. 1954ರ ಕಾಯ್ದೆ ಅದಕ್ಕೆ ದಾರಿ ತೆರೆಯಿತು. ರೈತರು ಕೆರಳಿದರು. 1957ರಲ್ಲಿ ದಕ್ಷಿಣ ಡಕೋಟಾದ ಸಭೆಯೊಂದರಲ್ಲಿ ಅವರತ್ತ ಮೊಟ್ಟೆಗಳು ತೂರಿಬಂದವು. ಸ್ವಪಕ್ಷದ ಸಂಸದರೇ ರಾಜೀನಾಮೆ ಕೇಳಿದರೂ ಅಧ್ಯಕ್ಷರು ಅವರ ಕೈಬಿಡಲಿಲ್ಲ. ಎಂಟು ವರ್ಷವೂ ಅವರು ಮಂತ್ರಿಯಾಗಿದ್ದರು.

ಆದರೂ ದಾಸ್ತಾನು ಕರಗಲಿಲ್ಲ. ಗೊಬ್ಬರ, ಯಂತ್ರ, ಹೊಸ ತಳಿಗಳಿಂದ ಇಳುವರಿ ಏರುತ್ತಲೇ ಹೋಯಿತು. ಬೆಲೆ ತಗ್ಗಿದರೆ ರೈತ ಬೆಳೆ ಕಡಿಮೆ ಮಾಡುತ್ತಾನೆಂಬುದು ಪುಸ್ತಕದ ಲೆಕ್ಕ. ಸಾಲದ ಕಂತು ಕಟ್ಟಬೇಕಾದ ರೈತ ಇನ್ನಷ್ಟು ಬೆಳೆಯಲು ನೋಡುತ್ತಾನೆ. 1961ರಲ್ಲಿ ಅವರು ಹುದ್ದೆ ಬಿಟ್ಟಾಗ ಸರ್ಕಾರದ ದಾಸ್ತಾನು ಅವರು ಬಂದಾಗಿನದಕ್ಕಿಂತ ಹೆಚ್ಚಿತ್ತು. ಹೆಚ್ಚುವರಿ ಧಾನ್ಯವನ್ನು ಹೊರದೇಶಗಳಿಗೆ ಸಾಗಿಸಲು 1954ರಲ್ಲೇ ಬಂದ ಕಾನೂನು ಪಿ.ಎಲ್. 480. ಅದರಡಿ ಭಾರತದ ಮೊದಲ ಒಪ್ಪಂದ 1956ರಲ್ಲಿ ಆಯಿತು. 1960ರ ಒಪ್ಪಂದ 1.6 ಕೋಟಿ ಟನ್ ಗೋಧಿಗೆ. ಡಾಲರ್ ಇಲ್ಲದ ನಾವು ರೂಪಾಯಿ ಕೊಟ್ಟು ಉಂಡೆವು. ಅವರ ಹೊರೆ ನಮ್ಮ ಅನ್ನವಾಯಿತು. ಆ ಅವಲಂಬನೆಯ ಮುಜುಗರ ಹಸಿರು ಕ್ರಾಂತಿಗೆ ಒಂದು ಪ್ರೇರಣೆಯೂ ಆಯಿತು.

ಬೆನ್ಸನ್ನರ ನಿಷ್ಠುರತೆಗೆ ಕರಾಳ ಮುಖವೂ ಇತ್ತು. 1960ರ ದಶಕದಲ್ಲಿ ಕಪ್ಪು ಜನರ ನಾಗರಿಕ ಹಕ್ಕುಗಳ ಚಳವಳಿಯಲ್ಲಿ ಅವರು ಕಂಡದ್ದು ಕಮ್ಯುನಿಸ್ಟರ ಸಂಚನ್ನು. ನೆರೆಹೊರೆಯ ನೆರವನ್ನೇ ನಂಬಿದ್ದವರಿಗೆ, ಆ ನೆರೆಹೊರೆಯಿಂದಲೇ ಹೊರಗಿಡಲ್ಪಟ್ಟವರ ಪಾಡು ಅರ್ಥವಾಗಲಿಲ್ಲ. 1985ರಿಂದ ಚರ್ಚಿನ ಅಧ್ಯಕ್ಷರಾಗಿದ್ದ ಅವರು 1994ರಲ್ಲಿ ತೀರಿಕೊಂಡರು. ಸಮಾಧಿ ಇರುವುದು ವಿಟ್ನಿಯಲ್ಲೇ.

ಖಾತರಿ ಬೆಲೆ ಕಣಜಗಳನ್ನು ತುಂಬಿಸುತ್ತದೆಂಬ ಅವರ ಎಚ್ಚರಿಕೆ ಸುಳ್ಳಾಗಲಿಲ್ಲ. ಪಂಜಾಬಿನ ಭತ್ತ ಮತ್ತು ಅಂತರ್ಜಲದ ಕಥೆ ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಬೆಂಬಲ ಹಿಂತೆಗೆದರೆ ಸಣ್ಣ ರೈತ ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಒಂದು ಹಳ್ಳಿಯನ್ನು ಪೊರೆದ ಪರಸ್ಪರ ನೆರವು, ಅಪರಿಚಿತರೇ ತುಂಬಿರುವ ಮಾರುಕಟ್ಟೆಯಲ್ಲಿ ತಾನಾಗಿ ಹುಟ್ಟುವುದಿಲ್ಲ. ಅದನ್ನು ಕಟ್ಟಿಕೊಡದೆ ಬೆಲೆಯನ್ನಷ್ಟೇ ತಿದ್ದಹೊರಟ ನೀತಿ ಅಲ್ಲಿ ಗೆಲ್ಲಲಿಲ್ಲ, ಇಲ್ಲಿಯೂ ಗೆಲ್ಲಲಾರದು.