ಥಿಯೊಬಾಲ್ಡ್ ಸ್ಮಿತ್

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಡೆ ಮಳೆಗಾಲ ಕಾಲಿಟ್ಟಿತೆಂದರೆ ಎತ್ತು, ಆಕಳು, ಎಮ್ಮೆಗಳ ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣಿಗಳು ಕಚ್ಚಿಕೊಳ್ಳುತ್ತವೆ. ರಕ್ತ ಹೀರಿ ಔಡಲ ಬೀಜದಂತೆ ಊದಿದ ಉಣ್ಣಿಯನ್ನು ಕಾಣದ ರೈತರ ಮಕ್ಕಳಿಲ್ಲ. ಇಷ್ಟು ಸಣ್ಣ ಜೀವಿಯು ರಾಸುಗಳ ಪ್ರಾಣಕ್ಕೇ ಎರವಾಗಬಲ್ಲುದೆಂಬುದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟವನು ಅಮೆರಿಕದ ವಿಜ್ಞಾನಿ ಥಿಯೊಬಾಲ್ಡ್ ಸ್ಮಿತ್.

ಸ್ಮಿತ್ 1859ರ ಜುಲೈ 31ರಂದು ನ್ಯೂಯಾರ್ಕ್ ರಾಜ್ಯದ ಆಲ್ಬನಿ ನಗರದಲ್ಲಿ ಜನಿಸಿದನು. ತಂದೆತಾಯಿಗಳು ಜರ್ಮನಿಯಿಂದ ವಲಸೆ ಬಂದವರು. ತಂದೆಯದು ದರ್ಜಿ ಕೆಲಸ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದಿ, 1883ರಲ್ಲಿ ವೈದ್ಯ ಪದವಿ ಪಡೆದ ಸ್ಮಿತ್, ರೋಗಿಗಳ ನಾಡಿ ಹಿಡಿಯುವ ವೃತ್ತಿಯನ್ನು ಬಿಟ್ಟು ವಾಷಿಂಗ್ಟನ್ನಿನ ಸರ್ಕಾರಿ ಪಶು ಸಂಶೋಧನಾಲಯವನ್ನು ಸೇರಿದನು. ಮನೆಮಾತು ಜರ್ಮನ್ ಆಗಿದ್ದುದರಿಂದ ರಾಬರ್ಟ್ ಕಾಖ್‌ನ ಬರಹಗಳನ್ನು ಮೂಲದಲ್ಲಿಯೇ ಓದಿ, ಸೂಕ್ಷ್ಮಜೀವಿಶಾಸ್ತ್ರವನ್ನು ತಾನೇ ಕಲಿತನು. ಹಂದಿಗಳ ರೋಗವೊಂದರಲ್ಲಿ ಅವನು ಕಂಡುಹಿಡಿದ ಬ್ಯಾಕ್ಟೀರಿಯದ ಕುಲಕ್ಕೆ ಮುಂದೆ ಅವನ ಮೇಲಧಿಕಾರಿಯಾದ ಸಾಲ್ಮನ್‌ನ ಹೆಸರು ಅಂಟಿ, ಅದು ಸಾಲ್ಮೊನೆಲ್ಲ ಎನಿಸಿಕೊಂಡಿತು. ದುಡಿದವನೊಬ್ಬ, ಹೆಸರು ಪಡೆದವನಿನ್ನೊಬ್ಬ. ಕಚೇರಿಗಳ ಚರಿತ್ರೆಯಲ್ಲಿ ಇದೇನೂ ಹೊಸತಲ್ಲ.

ಆ ಕಾಲದಲ್ಲಿ ಟೆಕ್ಸಸ್ ಮುಂತಾದ ದಕ್ಷಿಣ ಸೀಮೆಗಳ ದನಗಳನ್ನು ಉತ್ತರದ ಪೇಟೆಗಳಿಗೆ ಹೊಡೆದುಕೊಂಡು ಹೋಗುತ್ತಿದ್ದರು. ದಕ್ಷಿಣದ ದನಗಳು ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತಿದ್ದವು. ಆದರೆ ಅವು ಹಾದುಹೋದ ಹುಲ್ಲುಗಾವಲಿನಲ್ಲಿ ಮೇಯ್ದ ಉತ್ತರದ ದನಗಳು ಕೆಲವು ವಾರಗಳ ತರುವಾಯ ಜ್ವರ ಬಂದು, ಕೆಂಪು ಮೂತ್ರ ಹೋಗಿ ಸಾಯುತ್ತಿದ್ದವು. ಇದು ಉಣ್ಣಿಯ ಕೆಲಸವೆಂದು ದನ ಸಾಕುವವರು ಹೇಳುತ್ತಿದ್ದರು, ಪಂಡಿತರು ನಗುತ್ತಿದ್ದರು. ಸ್ಮಿತ್ ನಗಲಿಲ್ಲ.

1889ರಲ್ಲಿ ಅವನು ಕಿಲ್‌ಬೋರ್ನ್ ಎಂಬ ಪಶುವೈದ್ಯನೊಡನೆ ಪ್ರಯೋಗಕ್ಕೆ ತೊಡಗಿದನು. ಬೇಲಿ ಹಾಕಿದ ಒಂದು ಹೊಲದಲ್ಲಿ ಉಣ್ಣಿ ಹತ್ತಿದ ದಕ್ಷಿಣದ ದನಗಳನ್ನೂ ಉತ್ತರದ ದನಗಳನ್ನೂ ಕೂಡಿಬಿಟ್ಟರು. ಉತ್ತರದವು ರೋಗಕ್ಕೆ ತುತ್ತಾದವು. ಇನ್ನೊಂದು ಹೊಲಕ್ಕೆ ಬಿಡುವ ಮೊದಲು ದಕ್ಷಿಣದ ದನಗಳ ಮೈಯಿಂದ ಉಣ್ಣಿಗಳನ್ನು ಒಂದೊಂದಾಗಿ ಕೈಯಿಂದ ಕಿತ್ತರು. ಅಲ್ಲಿ ರೋಗ ಹರಡಲಿಲ್ಲ. ದಕ್ಷಿಣದ ದನಗಳೇ ಇಲ್ಲದ ಮೂರನೆಯ ಹೊಲದಲ್ಲಿ ಬರಿಯ ಉಣ್ಣಿಗಳನ್ನು ಚೆಲ್ಲಿದರು. ಅಲ್ಲಿಯೂ ದನಗಳು ಕಾಯಿಲೆ ಬಿದ್ದವು. ಮುಂದೆ ಕಂಡುದು ಇನ್ನೂ ಸೋಜಿಗದ್ದು. ಪ್ರಯೋಗಶಾಲೆಯ ಪಾತ್ರೆಯಲ್ಲಿ ಮೊಟ್ಟೆಯೊಡೆದು ಬಂದ, ಯಾವ ದನವನ್ನೂ ಕಚ್ಚಿರದ ಮರಿ ಉಣ್ಣಿಗಳನ್ನು ಆರೋಗ್ಯವಂತ ರಾಸಿನ ಮೈಮೇಲೆ ಬಿಟ್ಟಾಗ ಅದಕ್ಕೂ ಜ್ವರ ಬಂದಿತು. ತಾಯಿ ಉಣ್ಣಿ ಹೀರಿದ್ದ ರೋಗಾಣು ಮೊಟ್ಟೆಯ ಮೂಲಕ ಮರಿಗಳಿಗೆ ಇಳಿದಿತ್ತು! ಕೆಂಪು ರಕ್ತಕಣದೊಳಗೆ ಜೋಡಿ ಹನಿಗಳಂತೆ ಸ್ಮಿತ್ ಕಂಡ ಆ ರೋಗಾಣುವಿಗೆ ಈಗ ಬಬೇಸಿಯ ಎಂದು ಹೆಸರು.

ಈ ಸಂಶೋಧನೆಯ ವರದಿ 1893ರಲ್ಲಿ ಪ್ರಕಟವಾಯಿತು. ನಾಲ್ಕು ವರ್ಷಗಳ ತರುವಾಯ, ನಮ್ಮ ರಾಯಚೂರು ಸೀಮೆಯೂ ಸೇರಿದ್ದ ನಿಜಾಮ್ ಸಂಸ್ಥಾನದ ಸಿಕಂದರಾಬಾದಿನಲ್ಲಿ, ರೊನಾಲ್ಡ್ ರಾಸ್ ಸೊಳ್ಳೆಯೊಳಗೆ ಮಲೇರಿಯದ ರೋಗಾಣುವನ್ನು ಕಂಡನು.

ಉಣ್ಣಿಯಿಂದ ಹರಡುವ ರೋಗ ಇದೊಂದೇ ಅಲ್ಲ. ನಮ್ಮಲ್ಲಿ ಮಿಶ್ರತಳಿಯ ಆಕಳುಗಳನ್ನು ಕಾಡುವ ಥೈಲೇರಿಯ ರೋಗದ ಬಗೆ ಬೇರೆ. ಅದು ಮೊಟ್ಟೆಯ ಮೂಲಕ ಇಳಿಯದು. ಎಳೆಯ ಉಣ್ಣಿ ರೋಗಿಯ ರಕ್ತ ಹೀರಿ, ಕೊಟ್ಟಿಗೆಯ ಗೋಡೆಯ ಬಿರುಕಿನಲ್ಲಿ ಅಡಗಿ, ಪೊರೆ ಕಳಚಿ ಬೆಳೆದು, ಇನ್ನೊಂದು ದನವನ್ನು ಕಚ್ಚಿದಾಗ ರೋಗ ಹರಡುತ್ತದೆ. ಜವಾರಿ ದನಗಳು ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ. ಮೈಮೇಲಿನ ಉಣ್ಣಿಯನ್ನಷ್ಟೇ ಕಿತ್ತು ಗೋಡೆಯ ಬಿರುಕನ್ನು ಮುಚ್ಚದಿದ್ದರೆ ಶ್ರಮವೆಲ್ಲ ವ್ಯರ್ಥ.

1895ರ ಬಳಿಕ ಸ್ಮಿತ್ ಹಾರ್ವರ್ಡಿನಲ್ಲಿಯೂ, 1915ರಿಂದ ಪ್ರಿನ್ಸ್‌ಟನ್ನಿನ ರಾಕ್‌ಫೆಲರ್ ಸಂಸ್ಥೆಯಲ್ಲಿಯೂ ದುಡಿದನು. ದನದ ಕ್ಷಯಾಣುವೂ ಮನುಷ್ಯನ ಕ್ಷಯಾಣುವೂ ಬೇರೆ ಬೇರೆಯೆಂದು 1898ರಲ್ಲಿ ತೋರಿಸಿದನು. ಅಮೆರಿಕದ ಸರ್ಕಾರ 1906ರಲ್ಲಿ ಉಣ್ಣಿಯ ನಿರ್ಮೂಲನಕ್ಕೆ ಕೈಹಾಕಿತು. ಔಷಧದ ನೀರು ತುಂಬಿದ ತೊಟ್ಟಿಗಳಲ್ಲಿ ದನಗಳನ್ನು ಮುಳುಗಿಸಿ ದಾಟಿಸತೊಡಗಿದರು. 1934ರ ಡಿಸೆಂಬರ್ 10ರಂದು ಸ್ಮಿತ್ ತೀರಿಕೊಂಡಾಗ ಆ ಕೆಲಸ ಇನ್ನೂ ನಡೆದಿತ್ತು. 1943ರ ವೇಳೆಗೆ, ಮೆಕ್ಸಿಕೊ ಗಡಿಯ ಪಟ್ಟಿಯೊಂದನ್ನು ಬಿಟ್ಟು, ಆ ದೇಶದಿಂದ ಟೆಕ್ಸಸ್ ಜ್ವರದ ಉಣ್ಣಿ ಬಹುತೇಕ ಅಳಿಯಿತು.