ಆಕಾಶದಿಂದ ಮರದ ನಾಡಿ ಹಿಡಿದ ಪಿಶಾರೋಟಿ

ಭೂಮಿಯ ಹಸಿರನ್ನು ಮೇಲಿನಿಂದ ಅಳೆಯುವ ವಿದ್ಯೆ ನಮ್ಮ ದೇಶದಲ್ಲಿ ಶುರುವಾದದ್ದು ಉಪಗ್ರಹದಿಂದಲ್ಲ, ಕೇರಳದ ತೆಂಗಿನ ತೋಟದಿಂದ ಎಂದರೆ ನಂಬುತ್ತೀರಾ? ಅದರ ಹಿಂದಿದ್ದವರು ಪಿಶಾರೋತ್ ರಾಮ ಪಿಶಾರೋಟಿ.

ಅವರು ಹುಟ್ಟಿದ್ದು 1909ರಲ್ಲಿ, ಕೇರಳದ ಕೊಲ್ಲಂಗೋಡಿನಲ್ಲಿ. ಮೊದಲು ಕಾಲೇಜಿನಲ್ಲಿ ಭೌತಶಾಸ್ತ್ರದ ಉಪನ್ಯಾಸಕರು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಕೈಕೆಳಗೂ ಕೆಲಸ ಮಾಡಿದರು. ಆಮೇಲೆ ಹವಾಮಾನ ಇಲಾಖೆ, ಕ್ಯಾಲಿಫೋರ್ನಿಯಾದಲ್ಲಿ ಡಾಕ್ಟರೇಟ್, ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ಮೊದಲ ನಿರ್ದೇಶಕ ಹುದ್ದೆ. 1967ರಲ್ಲಿ ಅಹಮದಾಬಾದಿಗೆ, ವಿಕ್ರಮ್ ಸಾರಾಭಾಯಿ ಅವರ ಬಳಗಕ್ಕೆ ಬಂದಾಗ ವಯಸ್ಸು ಅರವತ್ತರ ಹತ್ತಿರ. ಬೇರೆಯವರು ಪಿಂಚಣಿಯ ಲೆಕ್ಕ ಹಾಕುವ ಹೊತ್ತಿನಲ್ಲಿ ಇವರು ಹೊಸ ಪಾಠ ಕಲಿಯಲು ಕುಳಿತರು!

ಆಗ ಕೇರಳದ ತೆಂಗಿಗೆ ಬೇರು ಸೊರಗು ರೋಗ ಹಿಡಿದಿತ್ತು. ಗರಿ ಬಾಡಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ರೋಗ ಬಲಿತಿರುತ್ತಿತ್ತು. ಪಿಶಾರೋಟಿ ತಂಡ ನಾಸಾ ಸಹಕಾರದಿಂದ ಕ್ಯಾಮೆರಾಕ್ಕೆ ಅವಕೆಂಪು ಫಿಲ್ಮ್ ತುಂಬಿ, 1970ರ ಸುಮಾರಿಗೆ ಹೆಲಿಕಾಪ್ಟರಿನಿಂದ ತೋಟಗಳ ಚಿತ್ರ ತೆಗೆಯಿತು. ಆರೋಗ್ಯವಂತ ಎಲೆ ನಮ್ಮ ಕಣ್ಣಿಗೆ ಕಾಣದ ಅವಕೆಂಪು ಕಿರಣವನ್ನು ಜೋರಾಗಿ ಪ್ರತಿಫಲಿಸುತ್ತದೆ. ಆ ಫಿಲ್ಮಿನಲ್ಲಿ ಅದು ಕಡು ಕೆಂಪು. ಕಾಯಿಲೆಯ ಮರ ಮಂಕಾಗುತ್ತದೆ. ಕೆಳಗೆ ನಿಂತವರಿಗೆ ಹಸಿರಾಗಿಯೇ ಕಂಡ ಮರದ ಗುಟ್ಟು ಮೇಲಿನ ಚಿತ್ರದಲ್ಲಿ ಬಯಲಾಯಿತು. (ದ್ವಿತೀಯ ಪಿಯುಸಿಯವರು ವಿದ್ಯುತ್ಕಾಂತೀಯ ರೋಹಿತದ ಪಾಠವನ್ನು ಇನ್ನೊಮ್ಮೆ ತೆರೆಯಬಹುದು.)

1972ರಲ್ಲಿ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹ ಹಾರಿತು. ಅದೇ ಅವಕೆಂಪು ಕಣ್ಣು ಈಗ ಇಡೀ ದೇಶವನ್ನು ನೋಡತೊಡಗಿತು. ಅಹಮದಾಬಾದಿನಲ್ಲಿ ದೂರಸಂವೇದಿ ವಿಭಾಗವನ್ನು ಮುನ್ನಡೆಸಿದವರು ಪಿಶಾರೋಟಿಯವರೇ.

ಮುಂದೆ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ ಇಂಥ ಚಿತ್ರಗಳನ್ನೇ ಇಟ್ಟುಕೊಂಡು ಕಾಡಿನ ಲೆಕ್ಕ ತೆಗೆಯಿತು. ಸರ್ಕಾರಿ ಕಡತದಲ್ಲಿ ದೇಶದ ಸುಮಾರು ಶೇ. 23ರಷ್ಟು ನೆಲ ಅರಣ್ಯವಾಗಿತ್ತು. 1972-75ರ ಚಿತ್ರಗಳಲ್ಲಿ ನಿಜವಾಗಿ ಮರವಿದ್ದದ್ದು ಶೇ. 16.89ರಲ್ಲಿ ಮಾತ್ರ. 1980-82ರ ಹೊತ್ತಿಗೆ ಅದೂ ಶೇ. 14.10ಕ್ಕೆ ಇಳಿಯಿತು, ಅಂದರೆ ಸುಮಾರು 90 ಲಕ್ಷ ಹೆಕ್ಟೇರ್ ಕಾಡು ಮಾಯ. ಲೆಕ್ಕದ ವಿಧಾನದ ಬಗ್ಗೆ ಜಗಳ ನಡೆದದ್ದೂ ನಿಜ. ಆದರೆ ಕಡತ ಒಂದನ್ನು ಹೇಳಿ ನೆಲ ಇನ್ನೊಂದನ್ನು ಹೇಳಿದರೆ ಯಾವುದನ್ನು ನಂಬಬೇಕೆಂಬ ಪ್ರಶ್ನೆ ಆಮೇಲೆ ಮುಚ್ಚಿಹೋಗಲಿಲ್ಲ. 1987ರಿಂದ ಭಾರತೀಯ ಅರಣ್ಯ ಸರ್ವೇಕ್ಷಣೆ ಉಪಗ್ರಹ ಚಿತ್ರಗಳ ಆಧಾರದಲ್ಲಿ ದೇಶದ ಅರಣ್ಯ ವರದಿ ತರುತ್ತಿದೆ.

ಪಿಶಾರೋಟಿ ಮುಪ್ಪಿನಲ್ಲಿ ಮಳೆನೀರು ಹಿಡಿದಿಡುವ ವಿಚಾರಕ್ಕೆ ತಿರುಗಿದರು. 2002ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು.