‘ವಾಟರ್‌ಫಾಲ್’ ಪದ್ಧತಿ ಕಂಡುಹಿಡಿದವರು ವಿನ್‌ಸ್ಟನ್ ರಾಯ್ಸ್ ಅಂತಾರೆ, ನಿಜವೇ?

ಜೋಗ ಜಲಪಾತಕ್ಕೆ ಬ್ರಿಟಿಷರ ಕಾಲದಲ್ಲಿದ್ದ ಹೆಸರು ಗೇರುಸೊಪ್ಪ ಫಾಲ್ಸ್. ಹಳೆಯ ಇಂಗ್ಲಿಷ್ ಪುಸ್ತಕಗಳಲ್ಲಿ ಇವತ್ತಿಗೂ ಈ ಹೆಸರು ಸಿಗುತ್ತದೆ. ಆದರೆ ಹೊನ್ನಾವರದಿಂದ ಶರಾವತಿಯ ಗುಂಟ ಗೇರುಸೊಪ್ಪಕ್ಕೆ ಹೋದರೆ ಅಲ್ಲಿ ಆ ಜಲಪಾತ ಕಾಣುವುದಿಲ್ಲ. ಅದಕ್ಕೆ ಇನ್ನೂ ಮುಂದೆ ಹೋಗಿ ಘಟ್ಟ ಹತ್ತಬೇಕು. ಕೆಳಗಿನ ಊರಿನ ಹೆಸರು ಮೇಲಿನ ಜಲಪಾತಕ್ಕೆ ಅಂಟಿಕೊಂಡಿತ್ತು, ಅಷ್ಟೆ.

ಸಾಫ್ಟ್‌ವೇರ್ ಲೋಕದಲ್ಲೂ ಒಬ್ಬರ ಹೆಸರು ಹೀಗೆಯೇ ಒಂದು ಜಲಪಾತಕ್ಕೆ ಅಂಟಿಕೊಂಡಿದೆ. ಅವರು ವಿನ್‌ಸ್ಟನ್ ರಾಯ್ಸ್. ಇಂಜಿನಿಯರಿಂಗ್ ವಿದ್ಯಾರ್ಥಿಗಳ ನೋಟ್ಸ್‌ನಲ್ಲಿ, ಐಟಿ ತರಬೇತಿಯ ಸ್ಲೈಡ್‌ಗಳಲ್ಲಿ, ಗ್ರೂಪ್‌ಗಳಲ್ಲಿ ಓಡಾಡುವ ಚಿತ್ರಗಳಲ್ಲಿ ಒಂದೇ ಮಾತು ಇರುತ್ತದೆ: 1970ರಲ್ಲಿ ರಾಯ್ಸ್ ವಾಟರ್‌ಫಾಲ್ ಪದ್ಧತಿ ಕಂಡುಹಿಡಿದರು, ಆಮೇಲೆ ಅಜೈಲ್ ಬಂದು ಅದನ್ನು ಹಿಂದಕ್ಕೆ ಸರಿಸಿತು. ಇದು ಎಷ್ಟು ನಿಜ ಎಂದು ನೋಡೋಣ.

ಮೊದಲು, ಏನಿದು ವಾಟರ್‌ಫಾಲ್?

ಗ್ರಾಹಕರಿಗೆ ಏನು ಬೇಕು ಎಂದು ಪೂರ್ತಿ ಬರೆದುಕೊಳ್ಳುವುದು. ನಂತರ ಡಿಸೈನ್. ನಂತರ ಕೋಡಿಂಗ್. ನಂತರ ಟೆಸ್ಟಿಂಗ್. ಎಲ್ಲ ಮುಗಿದ ಮೇಲೆ ಗ್ರಾಹಕರ ಕೈಗೆ ಕೊಡುವುದು. ನೀರು ಮೇಲಿನಿಂದ ಕೆಳಕ್ಕೆ ಬಿದ್ದಂತೆ ಕೆಲಸವೂ ಒಂದೇ ದಿಕ್ಕಿನಲ್ಲಿ ಇಳಿಯುತ್ತದೆ.

ಇನ್ನೊಂದು ದಾರಿ, ಸುತ್ತು ಸುತ್ತಾಗಿ ಕಟ್ಟುವುದು. ಸ್ವಲ್ಪ ಮಾಡಿ, ತೋರಿಸಿ, ತಿದ್ದಿ, ಮತ್ತೆ ಸ್ವಲ್ಪ ಮಾಡುವುದು. ನಿಮ್ಮ ಮೊಬೈಲ್‌ನ ಆ್ಯಪ್‌ಗಳು ಮೇಲಿಂದ ಮೇಲೆ ಅಪ್‌ಡೇಟ್ ಕೇಳುವುದಕ್ಕೆ ಈ ಪದ್ಧತಿಯೂ ಒಂದು ಕಾರಣ.

ಯಾರು ಈ ರಾಯ್ಸ್?

ರಾಯ್ಸ್ ಹುಟ್ಟಿದ್ದು 1929ರ ಆಗಸ್ಟ್ 15ರಂದು. ಭಾರತಕ್ಕೆ ಸ್ವಾತಂತ್ರ್ಯ ಬಂದ ದಿನ ಅವರಿಗೆ ಸರಿಯಾಗಿ 18 ವರ್ಷ ತುಂಬಿತ್ತು. ಅಮೆರಿಕದ ಹೆಸರಾಂತ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಭೌತಶಾಸ್ತ್ರ ಓದಿ, ಆಮೇಲೆ ವಿಮಾನ ವಿಜ್ಞಾನಕ್ಕೆ ಹೊರಳಿ, 1959ರಲ್ಲಿ ಅಲ್ಲೇ ಡಾಕ್ಟರೇಟ್ ಪಡೆದರು. ಆಗ ಸಾಫ್ಟ್‌ವೇರ್ ಇಂಜಿನಿಯರ್ ಆಗಲು ಬೇರೆ ಕೋರ್ಸ್ ಇರಲಿಲ್ಲ. ಗಣಿತ, ಭೌತಶಾಸ್ತ್ರ ಓದಿದವರೇ ಕಂಪ್ಯೂಟರ್ ಕೆಲಸಕ್ಕೆ ಬರುತ್ತಿದ್ದರು.

1961ರಲ್ಲಿ ಅವರು ಟಿಆರ್‌ಡಬ್ಲ್ಯೂ ಕಂಪನಿ ಸೇರಿದರು. ಬಾಹ್ಯಾಕಾಶ ಮತ್ತು ರಕ್ಷಣಾ ಕೆಲಸ ಮಾಡುತ್ತಿದ್ದ ದೊಡ್ಡ ಕಂಪನಿ ಅದು. ಅಲ್ಲಿ ಅವರ ಕೈಗೆ ಬಂದದ್ದು ನೌಕೆಗಳ ಹಾರಾಟವನ್ನು ಯೋಜಿಸುವ, ಅವುಗಳಿಗೆ ಆದೇಶ ಕಳಿಸುವ, ಹಾರಾಟ ಮುಗಿದ ಮೇಲೆ ಮಾಹಿತಿ ವಿಶ್ಲೇಷಿಸುವ ಪ್ರೋಗ್ರಾಂಗಳು. ಆಕಾಶಕ್ಕೆ ಹೋದ ಮೇಲೆ ಸಾರಿ ಹೇಳಿ ತಿದ್ದುವ ಕೆಲಸ ಅದಲ್ಲ. ಹೇಳಿದ ದಿನಕ್ಕೆ, ಹೇಳಿದ ದುಡ್ಡಿನಲ್ಲಿ ಸಾಫ್ಟ್‌ವೇರ್ ಮುಗಿಸುವುದು ಎಷ್ಟು ಕಷ್ಟ ಎಂದು ಒಂಬತ್ತು ವರ್ಷ ಅವರು ಹತ್ತಿರದಿಂದ ನೋಡಿದರು.

ಆ ಒಂದು ಚಿತ್ರ

1970ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನ ವೆಸ್ಕಾನ್ ಸಮ್ಮೇಳನದಲ್ಲಿ ರಾಯ್ಸ್ ತಮ್ಮ ಅನುಭವವನ್ನು ಒಂದು ಚಿಕ್ಕ ಪ್ರಬಂಧವಾಗಿ ಮುಂದಿಟ್ಟರು. ದೊಡ್ಡ ಸಾಫ್ಟ್‌ವೇರ್ ಕೆಲಸಗಳನ್ನು ನಿಭಾಯಿಸುವುದು ಹೇಗೆ ಎಂಬುದು ವಿಷಯ. ಅದರ ಎರಡನೇ ಚಿತ್ರದಲ್ಲಿ ಮೆಟ್ಟಿಲುಗಳಂತೆ ಇಳಿಯುವ ಏಳು ಡಬ್ಬಿಗಳಿವೆ. ಅಗತ್ಯಗಳ ಪಟ್ಟಿಯಿಂದ ಶುರುವಾಗಿ ಬಳಕೆಯವರೆಗೆ ಬಾಣಗಳು ಕೆಳಕ್ಕೆ ಹೋಗುತ್ತವೆ. ಇಂದು ಎಲ್ಲರೂ ಹಂಚಿಕೊಳ್ಳುವ ವಾಟರ್‌ಫಾಲ್ ಚಿತ್ರದ ಮೂಲ ಇದೇ.

ಆದರೆ ಚಿತ್ರದ ಕೆಳಗಿನ ಸಾಲುಗಳನ್ನು ಓದಿದರೆ ಕಥೆ ಬೇರೆ. ಹಂತಗಳ ಕಲ್ಪನೆ ಸರಿ, ಆದರೆ ಚಿತ್ರದಲ್ಲಿರುವಂತೆಯೇ ಮಾಡಲು ಹೋದರೆ ಅಪಾಯ, ಕೆಲಸ ಕೆಡುತ್ತದೆ ಎಂದು ರಾಯ್ಸ್ ಅಲ್ಲೇ ಎಚ್ಚರಿಸಿದ್ದಾರೆ. ಕಾರಣವನ್ನೂ ಕೊಟ್ಟಿದ್ದಾರೆ. ಪ್ರೋಗ್ರಾಂ ನಿಜವಾಗಿ ಹೇಗೆ ನಡೆಯುತ್ತದೆ ಎಂದು ಗೊತ್ತಾಗುವುದೇ ಟೆಸ್ಟಿಂಗ್‌ನಲ್ಲಿ. ಅದು ಬರುವುದು ಕೊನೆಯಲ್ಲಿ. ಅಲ್ಲಿ ದೊಡ್ಡ ತೊಂದರೆ ಕಂಡರೆ ಡಿಸೈನ್‌ಗೆ, ಕೆಲವೊಮ್ಮೆ ಅಗತ್ಯಗಳ ಪಟ್ಟಿಗೇ ಹಿಂದಿರುಗಬೇಕು. ಆಗ ಸಮಯವೋ ಖರ್ಚೋ ದುಪ್ಪಟ್ಟಾಗಬಹುದು.

ಅದಕ್ಕೆ ಅವರು ಐದು ಪರಿಹಾರ ಸೂಚಿಸಿದರು. ಅವುಗಳಲ್ಲಿ ಎರಡು ಇಂದಿನವರಿಗೂ ಪರಿಚಿತ. ಮೊದಲನೆಯದು, ಹೊಸ ಬಗೆಯ ಪ್ರೋಗ್ರಾಂ ಆದರೆ ಎರಡು ಸಲ ಮಾಡಿ: 30 ತಿಂಗಳ ಕೆಲಸವಿದ್ದರೆ ಅದರಲ್ಲಿ 10 ತಿಂಗಳು ಒಂದು ಪ್ರಾಯೋಗಿಕ ಮಾದರಿ ಕಟ್ಟಿ ನೋಡಿ. ಇನ್ನೊಂದು, ಗ್ರಾಹಕರನ್ನು ಕೊನೆಯ ದಿನದವರೆಗೆ ದೂರವಿಡದೆ ನಡುನಡುವೆ ಕರೆದು ಒಪ್ಪಿಸಿ. ವಾಟರ್‌ಫಾಲ್ ಎಂಬ ಪದವನ್ನಂತೂ ಅವರು ಆ ಪ್ರಬಂಧದಲ್ಲಿ ಎಲ್ಲೂ ಬಳಸಿಲ್ಲ. 1976ರಲ್ಲಿ ಬೆಲ್ ಮತ್ತು ಥೇಯರ್ ಎಂಬ ಇಬ್ಬರು ತಮ್ಮ ಲೇಖನದಲ್ಲಿ ಆ ಹೆಸರು ಬಳಸಿದರು.

ಹಾಗಂತ ರಾಯ್ಸ್ ಅವರನ್ನು ಅಜೈಲ್‌ನ ಪಿತಾಮಹ ಎನ್ನುವುದೂ ಸರಿಯಲ್ಲ. ಅವರಿಗೆ ಕಾಗದಪತ್ರದ ಮೇಲೆ ಬಹಳ ನಂಬಿಕೆ. 50 ಲಕ್ಷ ಡಾಲರ್‌ನ ಯಂತ್ರಕ್ಕೆ 30 ಪುಟದ ವಿವರಣೆ ಸಾಕಾದರೆ ಅಷ್ಟೇ ಬೆಲೆಯ ಸಾಫ್ಟ್‌ವೇರ್‌ಗೆ 1,500 ಪುಟ ಬೇಕು ಎಂಬುದು ಅವರ ಲೆಕ್ಕ.

ಚಿತ್ರ ಓಡಿತು, ಎಚ್ಚರಿಕೆ ಉಳಿಯಿತು

ಚಿತ್ರ ಸುಲಭ, ನೆನಪಿಡುವಂಥದ್ದು. ದೊಡ್ಡ ಅಧಿಕಾರಿಗಳಿಗೂ ಅದು ಇಷ್ಟವಾಯಿತು, ಏಕೆಂದರೆ ಪ್ರತಿ ಹಂತಕ್ಕೂ ಒಂದು ತಾರೀಖು, ಒಂದು ಸಹಿ ಹಾಕಬಹುದು. 1985ರಲ್ಲಿ ಅಮೆರಿಕದ ರಕ್ಷಣಾ ಇಲಾಖೆ ತನ್ನ ಸಾಫ್ಟ್‌ವೇರ್ ಗುತ್ತಿಗೆಗಳಿಗೆ ತಂದ 2167 ಎಂಬ ಮಾನದಂಡ ಈ ಒಂದೇ ದಿಕ್ಕಿನ ಕ್ರಮಕ್ಕೆ ಬಲ ಕೊಟ್ಟಿತು. 1994ರಲ್ಲಿ ಅದರ ಜಾಗಕ್ಕೆ ಬಂದ ಹೊಸ ಮಾನದಂಡ ಸುತ್ತು ಸುತ್ತಾಗಿ ಕಟ್ಟಲು ಅವಕಾಶ ಕೊಟ್ಟಿತು.

ಅಷ್ಟರಲ್ಲಿ ರಾಯ್ಸ್ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಲಾಕ್‌ಹೀಡ್ ಕಂಪನಿಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರದ ನಿರ್ದೇಶಕರಾಗಿದ್ದರು. 1994ರಲ್ಲಿ ನಿವೃತ್ತರಾಗಿ, 1995ರ ಜೂನ್ 7ರಂದು ತೀರಿಕೊಂಡರು. ವಯಸ್ಸು 65. ಸುತ್ತು ಸುತ್ತಾಗಿ ಕಟ್ಟುವ ಪದ್ಧತಿಯ ಪರವಾಗಿ ಆಮೇಲೆ ಪುಸ್ತಕ ಬರೆದವರಲ್ಲಿ ಅವರ ಮಗ ವಾಕರ್ ರಾಯ್ಸ್ ಕೂಡ ಒಬ್ಬರು. 17 ಮಂದಿ ಸೇರಿ ಅಜೈಲ್ ಪ್ರಣಾಳಿಕೆ ಬರೆದದ್ದು 2001ರಲ್ಲಿ. ಅದನ್ನು ನೋಡಲು ತಂದೆ ಇರಲಿಲ್ಲ.

ವೆಬ್ ಬಂದ ಮೇಲೆ ಏನು ಬದಲಾಯಿತು?

ಸಾಫ್ಟ್‌ವೇರ್ ಫ್ಲಾಪಿ, ಸಿಡಿಗಳಲ್ಲಿ ಮಾರಾಟವಾಗುತ್ತಿದ್ದ ಕಾಲದಲ್ಲಿ ತಪ್ಪು ತಿದ್ದುವುದೆಂದರೆ ಹೊಸ ಡಿಸ್ಕ್ ಕಳಿಸುವುದು. ವೆಬ್‌ನಲ್ಲಿ ಹಾಗಿಲ್ಲ. ಮಧ್ಯಾಹ್ನ ಸರ್ವರ್‌ನಲ್ಲಿ ತಿದ್ದಿದರೆ ಸಂಜೆಗೆ ಎಲ್ಲರಿಗೂ ಹೊಸದೇ ಕಾಣುತ್ತದೆ. ಹಿಂದಿರುಗುವ ಖರ್ಚು ಇಳಿದಿದ್ದರಿಂದ ಸುತ್ತು ಸುತ್ತಿನ ಪದ್ಧತಿ ಸಹಜವಾಯಿತು. ಬೆಂಗಳೂರಿನ ಕಚೇರಿಗಳಲ್ಲಿ ಎರಡು ವಾರಕ್ಕೊಂದು ಸ್ಪ್ರಿಂಟ್ ಎನ್ನುವುದು ಈಗ ಮಾಮೂಲಿ ಮಾತು.

ಆದರೂ ಹಳೆಯ ತಪ್ಪು ಮರುಕಳಿಸುತ್ತದೆ. ಅಮೆರಿಕ ಸರ್ಕಾರದ ಆರೋಗ್ಯ ವಿಮೆ ವೆಬ್‌ಸೈಟ್ 2013ರ ಅಕ್ಟೋಬರ್ 1ರಂದು ಒಮ್ಮೆಲೇ ತೆರೆಯಿತು. ಎಲ್ಲ ಭಾಗಗಳನ್ನು ಜೋಡಿಸಿ ಪೂರ್ತಿ ಪರೀಕ್ಷೆ ಶುರುವಾದದ್ದು ಕೊನೆಯ ವಾರಗಳಲ್ಲಿ. ಮೊದಲ ದಿನ ನೋಂದಣಿ ಮುಗಿಸಲು ಸಾಧ್ಯವಾದದ್ದು ಬರೀ ಆರು ಮಂದಿಗೆ. 1970ರಲ್ಲಿ ರಾಯ್ಸ್ ಎಚ್ಚರಿಸಿದ್ದು ಇದನ್ನೇ.

ಎಲ್ಲ ಕೆಲಸಕ್ಕೂ ಸುತ್ತು ಸುತ್ತಿನ ಪದ್ಧತಿ ಸರಿಯೇ? ಇಲ್ಲ. ಗೇರುಸೊಪ್ಪದಲ್ಲಿ 240 ಮೆಗಾವಾಟ್‌ನ ವಿದ್ಯುದಾಗಾರವಿರುವ ಅಣೆಕಟ್ಟನ್ನೇ ನೋಡಿ. ಕಾಂಕ್ರೀಟ್ ಹಾಕಿದ ಮೇಲೆ ಅದನ್ನು ಎರಡು ವಾರಕ್ಕೊಮ್ಮೆ ಬದಲಿಸಲು ಬರುವುದಿಲ್ಲ. ಗೇರುಸೊಪ್ಪ ಜಲಾಶಯದ ನೀರನ್ನು ತಲಕಳಲೆಗೆ ಎತ್ತಿ ಮತ್ತೆ ಇಳಿಸುವ 2,000 ಮೆಗಾವಾಟ್ ಯೋಜನೆಯ ಬಗ್ಗೆ ಶುರುವಿಗೆ ಮೊದಲೇ ಇಷ್ಟು ವಾದ ನಡೆದಿರುವುದೂ ಅದಕ್ಕೇ. ಕಾಡು ಕಡಿದ ಮೇಲೆ ಅಪ್‌ಡೇಟ್ ಕೊಡಲಾಗುವುದಿಲ್ಲ. ತಿದ್ದುವುದು ಅಗ್ಗವಾಗಿದ್ದಲ್ಲಿ ಸುತ್ತು ಸುತ್ತಾಗಿ ಹೋಗಿ, ದುಬಾರಿಯಾಗಿದ್ದಲ್ಲಿ ಮೊದಲೇ ಸಾಕಷ್ಟು ಯೋಚಿಸಿ ಎನ್ನುವುದು ನಾವು ಇಲ್ಲಿಂದ ಕಲಿಯಬಹುದಾದದ್ದು.

ನಮ್ಮ ತೀರ್ಪು

ಅರ್ಧ ಸತ್ಯ. ಚಿತ್ರ ರಾಯ್ಸ್ ಅವರದೇ, ಹೆಸರು ಅವರದಲ್ಲ, ಅದನ್ನು ಹಾಗೆಯೇ ಪಾಲಿಸಿ ಎಂಬ ಸಲಹೆಯಂತೂ ಅವರದಲ್ಲವೇ ಅಲ್ಲ. ಆ ಮೆಟ್ಟಿಲು ಚಿತ್ರ ನಿಮ್ಮ ಗ್ರೂಪಿಗೆ ಮತ್ತೆ ಬಂದರೆ, ಅದರ ಕೆಳಗೆ ರಾಯ್ಸ್ ಬರೆದಿದ್ದ ಎಚ್ಚರಿಕೆಯನ್ನೂ ಸೇರಿಸಿ ಮುಂದಕ್ಕೆ ಕಳಿಸಿ.